ಜ್ವರದ ಎಷ್ಟನೇ ದಿನ? ರಕ್ತ ಪರೀಕ್ಷೆಯ ವರದಿಯನ್ನು ಓದುವ ಬಗೆ

ಲ್ಯಾಬಿನ ಕಿಟಕಿಯಲ್ಲಿ ವರದಿ ಕೈಗಿಟ್ಟ ಕೂಡಲೇ ಜನ ಹುಡುಕುವುದು ದಪ್ಪಕ್ಷರದಲ್ಲಿ ಅಚ್ಚಾದ ಸಂಖ್ಯೆಯನ್ನು. ಪಕ್ಕದಲ್ಲೊಂದು ಬಾಣದ ಗುರುತಿದ್ದರೆ ಮುಖ ಸಪ್ಪಗಾಗುತ್ತದೆ. ಇಲ್ಲದಿದ್ದರೆ ಹಾಳೆ ನಾಲ್ಕು ಮಡಿಕೆಯಾಗಿ ಜೇಬು ಸೇರುತ್ತದೆ. ಇಪ್ಪತ್ತೆಂಟು ವರ್ಷ ಆ ಕಿಟಕಿಯ ಒಳಬದಿಯಲ್ಲಿ ಕುಳಿತು ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿದವಳು ನಾನು. ಆ ಸಪ್ಪೆ ಮುಖಗಳಲ್ಲಿ ಎಷ್ಟೋ ಸುಮ್ಮನೆ ಸಪ್ಪಗಾದವು. ಜೇಬು ಸೇರಿದ ಹಾಳೆಗಳಲ್ಲಿ ಕೆಲವು ಸೇರಬಾರದಾಗಿತ್ತು.

ವರದಿ ಸಿಕ್ಕ ತಕ್ಷಣ ಪೆನ್ನು ತೆಗೆದು ಅದರ ನೆತ್ತಿಯ ಮೇಲೆ ಒಂದು ಸಂಖ್ಯೆ ಬರೆಯಿರಿ: ರಕ್ತ ಕೊಟ್ಟದ್ದು ಜ್ವರದ ಎಷ್ಟನೇ ದಿನ? ಜ್ವರ ಕಾಣಿಸಿಕೊಂಡ ದಿನವೇ ಒಂದನೆಯದು. ಯಂತ್ರ ಮುದ್ರಿಸದ, ನಿಮಗೆ ಮಾತ್ರ ಗೊತ್ತಿರುವ ಸಂಖ್ಯೆ ಅದು. ಉಳಿದ ಸಂಖ್ಯೆಗಳೆಲ್ಲ ಅದರ ಜೊತೆ ಸೇರಿದಾಗಲೇ ಮಾತನಾಡುತ್ತವೆ.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಒಮ್ಮೆ ಮೈಕೈ ನೋವು, ಕಣ್ಣಿನ ಹಿಂದೆ ಸೆಳೆತ, ಜ್ವರ. ಎರಡನೇ ದಿನ ಬೆಳಿಗ್ಗೆ ನಾನೇ ನನ್ನ ರಕ್ತ ತೆಗೆದು ಡೆಂಗಿಯ ಪ್ರತಿಕಾಯ (ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಪರೀಕ್ಷೆಯ ಕಾರ್ಡಿನ ಮೇಲೆ ಎರಡು ಹನಿ ಬಿಟ್ಟೆ. ಒಂದೇ ಗೆರೆ ಮೂಡಿತು. ಡೆಂಗಿ ಇಲ್ಲ ಎಂದುಕೊಂಡು ಮಾತ್ರೆ ನುಂಗಿ ಕೆಲಸಕ್ಕೆ ಕುಳಿತೆ. ಮಧ್ಯಾಹ್ನ ನಮ್ಮ ಹಿರಿಯ ವೈದ್ಯೆ ನನ್ನ ಮುಖ ನೋಡಿ, “ಏನಮ್ಮಾ, ಜ್ವರ ಬಂದು ಎಷ್ಟು ದಿನವಾಯಿತು?” ಎಂದು ಕೇಳಿದರು. ಎರಡು ಎಂದೆ. ಕಾರ್ಡಿನ ಕಡೆ ಬೆರಳು ತೋರಿಸಿ, “ಎರಡನೇ ದಿನ ನಿನ್ನ ಮೈಯಲ್ಲಿ ಪ್ರತಿಕಾಯ ಎಲ್ಲಿಂದ ಬರಬೇಕು? ದಿನಾ ಇದನ್ನೇ ಮಾಡುವವಳು ನೀನು” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಹತ್ತು ದಿನ ನಾನು ನನ್ನದೇ ರಕ್ತವನ್ನು ನಾಲ್ಕು ಬಾರಿ ನೋಡಿದೆ. ಮುಂದಿನ ಮಾತುಗಳಿಗೆ ಆ ನಾಲ್ಕು ಸ್ಲೈಡುಗಳೇ ಆಧಾರ.

ಶಾಲೆಯ ಪುಸ್ತಕಗಳು ಬಿಳಿ ರಕ್ತಕಣಗಳನ್ನು ಸೈನಿಕರು ಎನ್ನುತ್ತವೆ. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಸ್ಲೈಡಿನಲ್ಲಿ ಕಾಣುವುದು ಪಾಳಿಯ ಮೇಲೆ ಬರುವ ಕೆಲಸಗಾರರು. ಮೊದಲ ಪಾಳಿಯವರು ಗಂಟೆಗಳಲ್ಲಿ ಹಾಜರಾಗುತ್ತಾರೆ. ಎದುರಿಗೆ ಯಾರೆಂದು ವಿಚಾರಿಸುವುದಿಲ್ಲ, ಪರಕೀಯ ಎಂದು ಕಂಡರೆ ನುಂಗುತ್ತಾರೆ. ಎರಡನೇ ಪಾಳಿಯವರು ಬರಲು ಐದಾರು ದಿನ ಬೇಕು. ಆದರೆ ಅವರು ಇಂಥದೇ ವೈರಸ್, ಇಂಥದೇ ಬ್ಯಾಕ್ಟೀರಿಯಾ ಎಂದು ಗುರುತು ಹಿಡಿದು ಬರುತ್ತಾರೆ. ವರದಿಯಲ್ಲಿ ನೀವು ಓದಬೇಕಾದದ್ದು ಈಗ ಯಾವ ಪಾಳಿ ನಡೆಯುತ್ತಿದೆ ಎಂಬುದನ್ನು.

ಮೊದಲ ಪಾಳಿಯನ್ನು ನೋಡಲು ಲ್ಯಾಬ್ ಬೇಕಿಲ್ಲ, ಒಂದು ಉಗುರುಸುತ್ತು ಸಾಕು. ಉಗುರಿನ ಬದಿಯ ಸಿಬಿರನ್ನು ಹಲ್ಲಿನಿಂದ ಕಿತ್ತು ನೋಡಿಕೊಂಡವರಿಗೆ ಇದು ಗೊತ್ತು. ಸಂಜೆಗೆ ಬೆರಳ ತುದಿ ಕೆಂಪಗಾಗುತ್ತದೆ, ಮುಟ್ಟಿದರೆ ಬಿಸಿ, ರಾತ್ರಿಗೆ ಊತ, ಎದೆಬಡಿತದ ತಾಳಕ್ಕೆ ಸರಿಯಾಗಿ ಮಿಡಿಯುವ ನೋವು. ರೋಮಿನ ಸೆಲ್ಸಸ್ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ಈ ನಾಲ್ಕನ್ನೂ ಉರಿಯೂತದ ಲಕ್ಷಣಗಳೆಂದು ಬರೆದಿಟ್ಟಿದ್ದ. ಒಳಗೆ ನಡೆದದ್ದು ಇಷ್ಟು: ಚರ್ಮದ ಕೆಳಗೆ ಸದಾ ನೆಲೆಸಿರುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಬ್ಯಾಕ್ಟೀರಿಯಾಗಳ ಸುಳಿವು ಹಿಡಿದು ರಾಸಾಯನಿಕ ಸಂದೇಶ ಬಿಟ್ಟವು. ಹತ್ತಿರದ ಸಣ್ಣ ರಕ್ತನಾಳಗಳು ಹಿಗ್ಗಿದವು, ಹಾಗಾಗಿ ಕೆಂಪು ಮತ್ತು ಬಿಸಿ. ನಾಳದ ಗೋಡೆ ಸಡಿಲವಾಗಿ ನೀರು ಸೋರಿತು, ಹಾಗಾಗಿ ಊತ. ಆ ಸಡಿಲ ಜಾಗಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೈಯನ್ನು ಹಿಂಡಿಕೊಂಡು ಹೊರಗೆ ನುಸುಳಿದವು. ಎರಡು ಮೂರು ದಿನದಲ್ಲಿ ಕಾಣುವ ಕೀವು ಬಹುಪಾಲು ಅವುಗಳದೇ ಹೆಣ. ಕೀವಿಗೂ ಗಟ್ಟಿ ಕಫಕ್ಕೂ ಬರುವ ಹಸಿರು ಛಾಯೆ ಬ್ಯಾಕ್ಟೀರಿಯಾದ ಬಣ್ಣ ಎಂದು ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ಅದು ನ್ಯೂಟ್ರೋಫಿಲ್‌ಗಳೊಳಗಿನ ಮಯಲೋಪೆರಾಕ್ಸಿಡೇಸ್ ಎಂಬ ಕಿಣ್ವದ ಬಣ್ಣ. ವೈರಸ್ಸಿನ ನೆಗಡಿಯಲ್ಲೂ ಕಫ ಹಸಿರಾಗುತ್ತದೆ. ಆದ್ದರಿಂದ ಕಫದ ಬಣ್ಣ ನೋಡಿ ಆಂಟಿಬಯೋಟಿಕ್ ಕೇಳಬೇಡಿ.

ಕಣವೊಂದು ಪರಕೀಯ ವಸ್ತುವನ್ನು ಸುತ್ತುವರಿದು ನುಂಗುತ್ತದೆ ಎಂಬ ವಿಚಾರ ಪ್ರಾಣಿವಿಜ್ಞಾನಿ ಎಲೀ ಮೆಚ್ನಿಕಾಫ್‌ಗೆ ಹೊಳೆದದ್ದು 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ. ನಕ್ಷತ್ರಮೀನಿನ ಮರಿಯ ಮೈ ಪಾರದರ್ಶಕ. ಅದಕ್ಕೆ ಮುಳ್ಳು ಚುಚ್ಚಿಟ್ಟು ಮರುದಿನ ನೋಡಿದಾಗ ಚಲಿಸುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನನಗೆ ಬೆರಳಿಗೆ ಮುಳ್ಳು ಚುಚ್ಚಿದಾಗೆಲ್ಲ ಆ ಮರಿಯೇ ನೆನಪಾಗುತ್ತದೆ.

ಮೊದಲ ಪಾಳಿ ಬೆರಳಿಗಷ್ಟೇ ಸೀಮಿತವಾಗದೆ ಇಡೀ ಮೈಗೆ ಹಬ್ಬಿದಾಗ ಜ್ವರ. ಸಂದೇಶದ ರಾಸಾಯನಿಕಗಳು ರಕ್ತದಲ್ಲಿ ಹರಿದು ಮೆದುಳಿನ ಹೈಪೋಥಲಾಮಸ್ ಮುಟ್ಟಿದಾಗ ಅದು ಮೈಯ ಶಾಖದ ಗುರಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಗುರಿ 39 ಡಿಗ್ರಿ ಸೆಲ್ಸಿಯಸ್, ಮೈ ಇನ್ನೂ 37ರಲ್ಲಿ. ಆ ಅಂತರ ತುಂಬುವವರೆಗೆ ಚಳಿ, ನಡುಕ, ಎರಡು ಹೊದಿಕೆ. ಪ್ಯಾರಾಸಿಟಮಾಲ್ ಆ ಗುರಿಯನ್ನು ಕೆಳಗಿಳಿಸುತ್ತದೆ ಅಷ್ಟೇ, ಸೋಂಕನ್ನು ಮುಟ್ಟುವುದಿಲ್ಲ. ಹಾಗಾಗಿ ಮಾತ್ರೆ ನುಂಗಿದ ಮೇಲೆ ಇಳಿದ ಜ್ವರವನ್ನು ‘ಬಿಟ್ಟ ಜ್ವರ’ ಎಂದು ಲೆಕ್ಕ ಹಾಕಬೇಡಿ. ಹೊತ್ತು, ಜ್ವರದ ಅಳತೆ, ನುಂಗಿದ ಮಾತ್ರೆ ಮೂರನ್ನೂ ಒಂದು ಕಾಗದದಲ್ಲಿ ಬರೆಯುತ್ತಾ ಹೋಗಿ. ವೈದ್ಯರಿಗೆ ಆ ಕಾಗದ ಎಷ್ಟೋ ಸಲ ನಮ್ಮ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದನ್ನು ಕಂಡಿದ್ದೇನೆ.

ಇನ್ನು ವರದಿ. ಮೊದಲ ಸಾಲು ಬಿಳಿ ರಕ್ತಕಣಗಳ ಒಟ್ಟು ಎಣಿಕೆ. ದೊಡ್ಡವರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಇದ್ದರೆ ಸಹಜ. ಕೆಲವು ಯಂತ್ರಗಳು 7.2 ಎಂದು ಮುದ್ರಿಸುತ್ತವೆ, ಅದು 7,200. ಅದರ ಕೆಳಗೆ ಐದು ಬಗೆಯ ಕಣಗಳ ಶೇಕಡಾವಾರು ಪಾಲು: ನ್ಯೂಟ್ರೋಫಿಲ್ ಸುಮಾರು 40ರಿಂದ 75, ಲಿಂಫೋಸೈಟ್ 20ರಿಂದ 45, ಮೋನೋಸೈಟ್ 2ರಿಂದ 10, ಇಯೋಸಿನೋಫಿಲ್ 1ರಿಂದ 6, ಬೇಸೋಫಿಲ್ ಒಂದೋ ಸೊನ್ನೆಯೋ. ಯಂತ್ರಗಳು ಬರುವ ಮೊದಲು ಇದನ್ನು ನಾವೇ ಎಣಿಸುತ್ತಿದ್ದೆವು. ಸ್ಲೈಡಿಗೆ ಲೀಶ್‌ಮನ್ ಬಣ್ಣ ಹಾಕಿ, ತೊಳೆದು, ಒಣಗಿಸಿ, ಮೇಲೆ ಎಣ್ಣೆಯ ಹನಿ ಬಿಟ್ಟು, ಎಡಗೈ ಎಣಿಕೆಯ ಪೆಟ್ಟಿಗೆಯ ಮೇಲೆ. ಕಂಡ ಕಣಕ್ಕೆ ತಕ್ಕ ಗುಂಡಿ ಒತ್ತುತ್ತಾ ಹೋದರೆ ನೂರು ತುಂಬಿದಾಗ ಪೆಟ್ಟಿಗೆ ‘ಟಿಣ್’ ಎನ್ನುತ್ತಿತ್ತು. ಈಗಲೂ ಯಂತ್ರಕ್ಕೆ ಅನುಮಾನ ಬಂದ ರಕ್ತವನ್ನು ಹೀಗೇ ಕಣ್ಣಿನಿಂದ ನೋಡಬೇಕು.

ಇಲ್ಲೇ ಬಹಳ ಜನ ಎಡವುವುದು: ಶೇಕಡಾವಾರನ್ನು ಒಂಟಿಯಾಗಿ ಓದಬೇಡಿ, ಒಟ್ಟು ಎಣಿಕೆಯಿಂದ ಗುಣಿಸಿ. ನನ್ನ ನಾಲ್ಕನೇ ದಿನದ ವರದಿ ನೋಡಿ. ಒಟ್ಟು 2,400, ಲಿಂಫೋಸೈಟ್ ಶೇಕಡಾ 50, ಪಕ್ಕದಲ್ಲಿ ಮೇಲ್ಮುಖದ ಬಾಣ. ಲಿಂಫೋಸೈಟ್ ಏರಿದೆ ಎನಿಸುತ್ತದೆ ಅಲ್ಲವೇ? ಗುಣಿಸಿದರೆ 1,200, ಸಹಜ ಮಿತಿಯೊಳಗೇ ಇದೆ. ಏರಿದ್ದು ಏನೂ ಇಲ್ಲ. ನ್ಯೂಟ್ರೋಫಿಲ್ ಸಾವಿರದ ಆಸುಪಾಸಿಗೆ ಕುಸಿದಿತ್ತು, ಹಾಗಾಗಿ ಪಕ್ಕದವರು ದೊಡ್ಡವರಾಗಿ ಕಂಡರು. ಡೆಂಗಿಯಂಥ ವೈರಸ್ ಜ್ವರಗಳಲ್ಲಿ ಮೊದಲ ವಾರ ಬಿಳಿಕಣ ಇಳಿಯುವುದೇ ವಾಡಿಕೆ. ಆದರೆ ಗುಣಿಸಿದ ನ್ಯೂಟ್ರೋಫಿಲ್ ಸಂಖ್ಯೆ 500ಕ್ಕಿಂತ ಕೆಳಗಿದ್ದು ಜ್ವರವೂ ಇದ್ದರೆ, ಅದರಲ್ಲೂ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಾದರೆ, ಈ ಬರಹವನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಮೊದಲ ಪಾಳಿಯೇ ಇಲ್ಲದ ಮೈ ಅದು. ಅಂಥವರಿಗೆ ಉಗುರುಸುತ್ತಾದರೂ ಕೀವು ಕಟ್ಟದಿರಬಹುದು. ಕಟ್ಟಲು ಕಣಗಳೇ ಇರುವುದಿಲ್ಲ.

ಮಕ್ಕಳ ವರದಿಗೆ ಬೇರೆ ಅಳತೆಗೋಲು. ನಾಲ್ಕೈದು ವರ್ಷದವರೆಗೆ ಲಿಂಫೋಸೈಟ್‌ಗಳು ನ್ಯೂಟ್ರೋಫಿಲ್‌ಗಳಿಗಿಂತ ಹೆಚ್ಚಿರುವುದೇ ಸಹಜ. ಎಷ್ಟೋ ವರದಿಗಳಲ್ಲಿ ದೊಡ್ಡವರ ಮಿತಿಯನ್ನೇ ಅಚ್ಚು ಹಾಕಿ ಮಗುವಿಗೆ ಬಾಣ ಅಂಟಿಸಿರುತ್ತಾರೆ. ತಾಯಂದಿರು ಅದನ್ನು ಹಿಡಿದು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ.

ಒಟ್ಟು ಎಣಿಕೆ ಏರಿ, ಏರಿಕೆ ನ್ಯೂಟ್ರೋಫಿಲ್‌ನದಾಗಿದ್ದರೆ ಮೊದಲ ಪಾಳಿ ಜೋರಾಗಿದೆ ಎಂದರ್ಥ. ಹೆಚ್ಚಾಗಿ ಬ್ಯಾಕ್ಟೀರಿಯಾದ ಸೋಂಕು, ಆದರೆ ಯಾವಾಗಲೂ ಅಲ್ಲ. ಆರೋಗ್ಯವಂತರ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ರಕ್ತನಾಳ ಸೇರಿದವುಗಳಲ್ಲೂ ಸುಮಾರು ಅರ್ಧ ಗೋಡೆಗೆ ಆತುಕೊಂಡಿರುತ್ತವೆ, ಎಣಿಕೆಗೆ ಸಿಗುವುದಿಲ್ಲ. ಮೆಟ್ಟಿಲು ಓಡಿ ಹತ್ತಿ ಬಂದು ರಕ್ತ ಕೊಟ್ಟರೆ, ತೀರ ಗಾಬರಿಯಲ್ಲಿದ್ದರೆ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ ಅವು ಗೋಡೆ ಬಿಟ್ಟು ಹರಿವಿಗೆ ಇಳಿಯುತ್ತವೆ. ಸೋಂಕಿಲ್ಲದೆಯೂ ಎಣಿಕೆ ಏರುತ್ತದೆ. ಆದ್ದರಿಂದ ಹತ್ತು ನಿಮಿಷ ಕುಳಿತು ಸುಧಾರಿಸಿಕೊಂಡು ರಕ್ತ ಕೊಡಿ, ತೆಗೆದುಕೊಳ್ಳುತ್ತಿರುವ ಔಷಧಗಳನ್ನು ಮುಚ್ಚಿಡಬೇಡಿ.

ಸಂಖ್ಯೆಗಿಂತ ನಾನು ನಂಬುವುದು ಆಕಾರವನ್ನು. ಬಲಿತ ನ್ಯೂಟ್ರೋಫಿಲ್‌ನ ಕೋಶಕೇಂದ್ರ ಮೂರು ನಾಲ್ಕು ಹಾಲೆಗಳಾಗಿ ಒಡೆದಿರುತ್ತದೆ, ಸಣ್ಣ ದಾರದಲ್ಲಿ ಮಣಿ ಪೋಣಿಸಿದ ಹಾಗೆ. ಬೇಡಿಕೆ ಮಿತಿಮೀರಿದಾಗ ಮಜ್ಜೆ ಬಲಿಯದವನ್ನೂ ಹೊರಗೆ ಕಳುಹಿಸುತ್ತದೆ. ಅವುಗಳ ಕೋಶಕೇಂದ್ರ ಇನ್ನೂ ಒಡೆಯದೆ ಕುದುರೆ ಲಾಳದಂತೆ ಬಾಗಿರುತ್ತದೆ, ಒಳಗೆ ಕಪ್ಪಗೆ ದಪ್ಪ ಹರಳುಗಳು. ವರದಿಯ ಕೆಳಗೆ ‘ಬ್ಯಾಂಡ್ ಕೋಶಗಳು’ ಅಥವಾ ‘ಎಡ ಪಲ್ಲಟ’ ಎಂಬ ಟಿಪ್ಪಣಿ ಕಂಡರೆ ಇದೇ ವಿಷಯ. ಒಟ್ಟು ಎಣಿಕೆ ಸಹಜವಾಗಿದ್ದರೂ ಈ ಟಿಪ್ಪಣಿ ಇದ್ದರೆ ಆ ದಿನವೇ ವೈದ್ಯರಿಗೆ ತೋರಿಸಿ. ಜೇಬು ಸೇರಬಾರದಾಗಿತ್ತು ಎಂದೆನಲ್ಲ, ಆ ಹಾಳೆಗಳಲ್ಲಿ ಬಹಳಷ್ಟು ಇಂಥವು.

ಎರಡನೇ ಪಾಳಿ ಏಕೆ ತಡ? ಉಗುರುಸುತ್ತಿನ ಕೈಯ ಕಂಕುಳಲ್ಲಿ, ಗಂಟಲು ನೋವಿದ್ದಾಗ ದವಡೆಯ ಕೆಳಗೆ ಗಂಟು ಕೈಗೆ ಸಿಗುತ್ತದೆ. ಉತ್ತರ ಅಲ್ಲಿದೆ. ಸೋಂಕಿನ ಜಾಗದಿಂದ ಡೆಂಡ್ರಿಟಿಕ್ ಕೋಶಗಳು ರೋಗಾಣುವಿನ ತುಣುಕುಗಳನ್ನು ಹೊತ್ತು ಆ ದುಗ್ಧಗ್ರಂಥಿಗೆ ಬಂದು, ಅಲ್ಲಿ ಹಾದುಹೋಗುವ ಎರಡನೇ ಪಾಳಿಯವರಿಗೆ, ಅಂದರೆ ಲಿಂಫೋಸೈಟ್‌ಗಳಿಗೆ, ಒಂದೊಂದಾಗಿ ತೋರಿಸುತ್ತವೆ. ಪ್ರತಿ ಲಿಂಫೋಸೈಟಿಗೂ ಹುಟ್ಟುವಾಗಲೇ ಒಂದು ಬೀಗಕ್ಕೆ ಮಾತ್ರ ಹೊಂದುವ ಕೀಲಿ ಸಿಕ್ಕಿರುತ್ತದೆ. ವಂಶವಾಹಿಯ ತುಂಡುಗಳನ್ನು ಕಲೆಸಿ ಜೋಡಿಸಿ ಇಷ್ಟೊಂದು ಬಗೆಯ ಕೀಲಿಗಳು ತಯಾರಾಗುವುದನ್ನು ತೋರಿಸಿದ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ನಿಮಗೆ ಬಂದಿರುವ ಈ ರೋಗಾಣುವಿನ ಒಂದು ತುಣುಕಿಗೆ ಹೊಂದುವ ಕೋಶ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು. ಅದು ಸಿಗಬೇಕು, ಸಿಕ್ಕ ಮೇಲೆ ಒಡೆದು ಎರಡಾಗಿ, ನಾಲ್ಕಾಗಿ, ಸಾವಿರಗಳಾಗಬೇಕು. ಗಂಟು ಊದಿಕೊಳ್ಳುವುದು ಈ ಹುಡುಕಾಟ ಮತ್ತು ಹೆಚ್ಚಳದಿಂದ. ಮುಟ್ಟಿದರೆ ನೋಯುವ, ಜಾರುವ, ಎರಡು ಮೂರು ವಾರದಲ್ಲಿ ಕರಗುವ ಗಂಟು ತನ್ನ ಕೆಲಸ ಮಾಡುತ್ತಿದೆ. ನೋವಿಲ್ಲದೆ, ಗಟ್ಟಿಯಾಗಿ, ವಾರಗಟ್ಟಲೆ ಬೆಳೆಯುತ್ತಲೇ ಇರುವುದನ್ನು ತೋರಿಸಲೇಬೇಕು.

ನನ್ನ ಆರನೇ ದಿನದ ಸ್ಲೈಡಿನಲ್ಲಿ ಎರಡನೇ ಪಾಳಿ ಬಂದಿಳಿದಿತ್ತು. ಸಾಮಾನ್ಯ ಲಿಂಫೋಸೈಟ್ ನೋಡಲು ಬೇಸರ ಬರಿಸುವ ಕಣ. ಕೆಂಪು ಕಣಕ್ಕಿಂತ ಸ್ವಲ್ಪ ದೊಡ್ಡದು, ತುಂಬಾ ಗಾಢ ನೇರಳೆಯ ಗುಂಡು, ಸುತ್ತ ತೆಳು ನೀಲಿ ಅಂಚು. ಅಂದು ಕಂಡವು ಹಾಗಿರಲಿಲ್ಲ. ಎರಡರಷ್ಟು ಹಿಗ್ಗಿ, ನೀಲಿ ಮೈಯನ್ನು ಲಂಗದಂತೆ ಹರಡಿ ಅಕ್ಕಪಕ್ಕದ ಕೆಂಪು ಕಣಗಳನ್ನು ಒತ್ತಿಕೊಂಡು ಕುಳಿತಿದ್ದವು. ಒತ್ತಿದ ಅಂಚಿನಲ್ಲಿ ನೀಲಿ ಇನ್ನಷ್ಟು ಗಾಢ. ವರದಿಯಲ್ಲಿ ಇವನ್ನು ‘ಅಟಿಪಿಕಲ್’ ಅಥವಾ ‘ರಿಯಾಕ್ಟಿವ್ ಲಿಂಫೋಸೈಟ್’ ಎಂದು ಬರೆಯುತ್ತಾರೆ. ಹೆಸರು ಕೇಳಿ ರಕ್ತದ ಕ್ಯಾನ್ಸರ್ ಇರಬಹುದೇ ಎಂದು ನಡುಗುವವರಿದ್ದಾರೆ. ವೈರಸ್ ಜ್ವರದಲ್ಲಿ ಕಂಡರೆ ಅದು ಕೆಲಸಕ್ಕೆ ತೊಡಗಿದ ಲಿಂಫೋಸೈಟ್, ಅಷ್ಟೇ. ಜ್ವರ ಬಿಟ್ಟು ವಾರಗಳಾದ ಮೇಲೂ ಉಳಿದರೆ ಮಾತ್ರ ಮತ್ತೆ ನೋಡಿಸಿ.

ಈಗ ನನ್ನ ಆ ಒಂಟಿ ಗೆರೆಯ ಕಾರ್ಡಿಗೆ ಬರೋಣ. ಪ್ರತಿಕಾಯಗಳನ್ನು ಮಾಡುವುದು ಎರಡನೇ ಪಾಳಿಯ ಬಿ ಲಿಂಫೋಸೈಟ್‌ಗಳು. ಡೆಂಗಿಯಲ್ಲಿ ಮೊದಲು ಬರುವ ಐಜಿಎಂ ಪ್ರತಿಕಾಯ ಸಿಗುವುದು ಸಾಮಾನ್ಯವಾಗಿ ನಾಲ್ಕು ಐದನೇ ದಿನದ ನಂತರ. ಅದಕ್ಕೂ ಮುಂಚೆ ಹುಡುಕಬೇಕಾದದ್ದು ವೈರಸ್ಸಿನದೇ ತುಣುಕಾದ ಎನ್‌ಎಸ್1 ಪ್ರೋಟೀನನ್ನು; ಅದು ಮೊದಲ ದಿನದಿಂದ ಸುಮಾರು ಐದನೇ ದಿನದವರೆಗೆ ಚೆನ್ನಾಗಿ ಸಿಗುತ್ತದೆ. ಟೈಫಾಯ್ಡಿಗೂ ಇದೇ ಲೆಕ್ಕ: ಮೊದಲ ವಾರ ಬೇಕಾದದ್ದು ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್, ಅದೂ ಆಂಟಿಬಯೋಟಿಕ್ ಶುರುವಾಗುವ ಮುಂಚೆ. 1896ರಷ್ಟು ಹಳೆಯದಾದ ವಿಡಾಲ್ ಪರೀಕ್ಷೆ ಹುಡುಕುವುದು ಪ್ರತಿಕಾಯವನ್ನು. ಮೂರನೇ ದಿನ ಅದನ್ನು ಮಾಡಿಸಿ ‘ಇಲ್ಲ’ ಎಂದು ಬಂದರೆ ಅದಕ್ಕೆ ಬೆಲೆಯಿಲ್ಲ. ‘ಇದೆ’ ಎಂದು ಬಂದರೂ ಹಿಂದಿನ ಸೋಂಕೋ ಲಸಿಕೆಯೋ ಬಿಟ್ಟುಹೋದದ್ದಿರಬಹುದು.

ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಹೀಗೆ ಉಳಿಯುವಂಥದು. ಜ್ವರ ಶುರುವಾದಾಗ ಐಜಿಜಿ ಮಾತ್ರ ಕಂಡರೆ ಅದು ಹಳೆಯ ನೆನಪಾಗಿರಬಹುದು. ಈ ನೆನಪು ಎಷ್ಟು ಕಾಲ ನಿಲ್ಲುತ್ತದೆ ಎಂಬುದಕ್ಕೆ ಫ್ಯಾರೋ ದ್ವೀಪಗಳ ದಡಾರವೇ ಸಾಕ್ಷಿ. 1781ರ ನಂತರ ಅಲ್ಲಿಗೆ ದಡಾರ ಬಂದದ್ದು 1846ರಲ್ಲಿ. ದ್ವೀಪದ ಬಹುಪಾಲು ಜನ ಮಲಗಿದರು. ಅಧ್ಯಯನಕ್ಕೆ ಹೋದ ಡೆನ್ಮಾರ್ಕಿನ ವೈದ್ಯ ಪೀಟರ್ ಪಾನಮ್ ಕಂಡದ್ದೇನೆಂದರೆ, 65 ವರ್ಷಗಳ ಹಿಂದೆ ಚಿಕ್ಕವರಾಗಿದ್ದಾಗ ದಡಾರ ಬಂದಿದ್ದ ಮುದುಕರಿಗೆ ಈ ಸಲ ಅದು ತಗುಲಿರಲಿಲ್ಲ. ಆದರೆ ನೆನಪು ಯಾವಾಗಲೂ ನೆಂಟನಲ್ಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆಯ ಹಳೆಯ ಪ್ರತಿಕಾಯ ಇನ್ನೊಂದು ಬಗೆಯ ವೈರಸ್ಸಿಗೆ ಸಡಿಲವಾಗಿ ಅಂಟಿ, ಅದನ್ನು ಕೊಲ್ಲದೆ ಕೋಶದೊಳಕ್ಕೆ ದಾರಿ ಮಾಡಿಕೊಡಬಲ್ಲದು. ಎರಡನೇ ಸಲದ ಡೆಂಗಿ ಹೆಚ್ಚು ಅಪಾಯವೆನ್ನುವುದು ಇದಕ್ಕೇ. ಹಿಂದೆ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಜ್ವರ ಬಿಡುವ ದಿನದ ಬಗ್ಗೆ ಸ್ವಲ್ಪ ನಿಲ್ಲಬೇಕು. ನನ್ನ ಜ್ವರ ಬಿಟ್ಟದ್ದು ಐದನೇ ದಿನ ರಾತ್ರಿ. ಮನೆಯವರಿಗೆಲ್ಲ ಸಮಾಧಾನ. ಡೆಂಗಿಯಲ್ಲಿ ಕಣ್ಣಿಡಬೇಕಾದ ಒಂದೆರಡು ದಿನ ಆಗ ಶುರುವಾಗುತ್ತವೆ. ವೈರಸ್ ಇಳಿಯುತ್ತಿರುತ್ತದೆ, ದೇಹದ ಪ್ರತಿಕ್ರಿಯೆ ತಾರಕದಲ್ಲಿರುತ್ತದೆ. ಉಗುರುಸುತ್ತಿನಲ್ಲಿ ಒಂದು ಬೆರಳಿನಲ್ಲಿ ಸೋರಿದ ನೀರು ಈಗ ಇಡೀ ಮೈಯ ರಕ್ತನಾಳಗಳಿಂದ ಸೋರಬಹುದು. ಜನ ಪ್ಲೇಟ್‌ಲೆಟ್ ಒಂದನ್ನೇ ಹಿಡಿದು ಕೂರುತ್ತಾರೆ. ಅದರ ಪಕ್ಕದಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎಂಬ ಸಾಲನ್ನೂ ಹಿಂದಿನ ವರದಿಯ ಜೊತೆ ಹೋಲಿಸಿ. ಪ್ಲೇಟ್‌ಲೆಟ್ ಇಳಿಯುತ್ತಾ ಹೆಮಟೋಕ್ರಿಟ್ ಏರುತ್ತಿದ್ದರೆ ರಕ್ತದ ನೀರು ಹೊರಗೆ ಹೋಗಿ ರಕ್ತ ಗಟ್ಟಿಯಾಗುತ್ತಿದೆ. ಹೊಟ್ಟೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಕು, ಇವುಗಳಲ್ಲಿ ಒಂದಿದ್ದರೂ ವರದಿಗೆ ಕಾಯಬಾರದು. ಡೆಂಗಿ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ನನ್ನದು ಆರನೇ ದಿನ 62,000 ಪ್ಲೇಟ್‌ಲೆಟ್, ಹೆಮಟೋಕ್ರಿಟ್ ಅಲುಗಿರಲಿಲ್ಲ. ನೀರು ಕುಡಿಯುತ್ತಾ ಮಲಗಿಯೇ ಇದ್ದೆ.

ಇನ್ನೊಂದು ಸಂಗತಿ: ಯಾವ ತೊಂದರೆಯೂ ಇಲ್ಲದವರಿಗೆ ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ ತೀರ ಕಡಿಮೆ ಬಂದರೆ ಸ್ಲೈಡ್ ನೋಡಲು ಹೇಳಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ, ಯಂತ್ರ ಗುಂಪನ್ನು ಬಿಟ್ಟು ಎಣಿಸುತ್ತದೆ.

ವರದಿಯಲ್ಲಿ ಕಾಣುವ ಸಿಆರ್‌ಪಿ (ರಕ್ತದಲ್ಲಿನ ಒಂದು ಪ್ರೋಟೀನ್), ಇಎಸ್‌ಆರ್ (ಕೆಂಪು ಕಣಗಳು ತಳಕ್ಕಿಳಿಯುವ ವೇಗ) ಎರಡೂ ಉರಿಯೂತದ ಹೊಗೆ. ಬೆಂಕಿ ಎಲ್ಲಿ ಎಂದು ಹೇಳುವುದಿಲ್ಲ. ಸಿಆರ್‌ಪಿಯನ್ನು ಪಿತ್ತಜನಕಾಂಗ ಕೆಲವೇ ಗಂಟೆಗಳಲ್ಲಿ ಹೆಚ್ಚಿಸುತ್ತದೆ, ಕಾರಣ ನಿಂತರೆ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ಇಎಸ್‌ಆರ್ ನಿಧಾನದ್ದು, ಗುಣವಾದ ಮೇಲೂ ವಾರಗಟ್ಟಲೆ ಏರಿಯೇ ಇರುತ್ತದೆ. ಔಷಧ ನಾಟುತ್ತಿದೆಯೇ ಎಂದು ನೋಡಲು ಸಿಆರ್‌ಪಿ ಸರಿ. ಎರಡು ಲ್ಯಾಬಿನ ವರದಿ ಹೋಲಿಸುವಾಗ ಅಳತೆ ಲೀಟರಿಗೋ ಡೆಸಿಲೀಟರಿಗೋ ನೋಡಿ. ಡೆಸಿಲೀಟರಿಗೆ 6 ಮಿಲಿಗ್ರಾಂ ಎಂದರೆ ಲೀಟರಿಗೆ 60. ಈ ಹತ್ತರ ವ್ಯತ್ಯಾಸದಿಂದ ಮನೆಮಂದಿಯೆಲ್ಲ ರಾತ್ರಿಯಿಡೀ ಎದ್ದು ಕೂತದ್ದುಂಟು.

ಉಳಿದದ್ದು ಇಯೋಸಿನೋಫಿಲ್. ಹುಳುಗಳು, ಅಲರ್ಜಿ ಇದ್ದಾಗ ಇದು ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತೀವ್ರ ಸೋಂಕಿನಲ್ಲಿ ಇದು ರಕ್ತದಿಂದ ಮರೆಯಾಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. 1879ರಲ್ಲಿ ಜರ್ಮನಿಯ ವೈದ್ಯ ಪೌಲ್ ಎರ್ಲಿಕ್ ಇದನ್ನು ವಿವರಿಸಿದ್ದು ಇಯೋಸಿನ್ ಬಣ್ಣವನ್ನು ಹೀರುವ ಅದರ ಹರಳುಗಳಿಂದಲೇ. ನೇರಳೆ ನೀಲಿ ಗುಲಾಬಿಗಳ ನಡುವೆ ಕೆಂಡದ ಕಿತ್ತಳೆ ಬಣ್ಣ. ಜ್ವರದ ವರದಿಯಲ್ಲಿ ಇಯೋಸಿನೋಫಿಲ್ ಸೊನ್ನೆ ಇದ್ದು ಮುಂದಿನದರಲ್ಲಿ ಎರಡೋ ಮೂರೋ ಆಗಿದ್ದರೆ ಹಳೆಯ ಕೈಗಳಿಗೆ ಖುಷಿ. ಸಾಮಾನ್ಯವಾಗಿ ರೋಗಿ ಚೇತರಿಸಿಕೊಳ್ಳುತ್ತಿರುವ ಹೊತ್ತದು.

ಹತ್ತನೇ ದಿನ ಯಂತ್ರ ನನ್ನ ಬಿಳಿಕಣ 5,800 ಎಂದಿತು, ಪ್ಲೇಟ್‌ಲೆಟ್ 1,90,000. ಅಷ್ಟೇ ಸಾಕಿತ್ತು. ಆದರೂ ಸ್ಲೈಡ್ ಮಾಡಿ, ಬಣ್ಣ ಹಾಕಿ, ಹಳೆಯ ಎಣಿಕೆಯ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿ ಕುಳಿತೆ. ಮೊದಲ ಮೂರು ಸ್ಲೈಡುಗಳಲ್ಲಿ ಇಯೋಸಿನೋಫಿಲ್‌ನ ಗುಂಡಿಗೆ ಕೆಲಸವೇ ಇರಲಿಲ್ಲ. ಈ ಸಲ ಹದಿನೇಳನೆಯ ಕಣಕ್ಕೇ ಕಿತ್ತಳೆ ಬಣ್ಣ ಕಂಡಿತು. ಗುಂಡಿ ಒತ್ತಿದೆ. ನೂರಕ್ಕೆ ‘ಟಿಣ್’ ಎನ್ನುವಷ್ಟರಲ್ಲಿ ಅಂಥವು ನಾಲ್ಕಾಗಿದ್ದವು.